ಅಪ್ಪನಿಗೆ ಆಗಿದ್ದು ನೆಗಡಿಯಲ್ಲ

ನನ್ನ ಅಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಚೆನ್ನಾಗಿದ್ದಾರೆ. ಈಗ ಹಿತ್ತಲ ಬಾಗಿಲಲ್ಲಿ ಕೂತು ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದಾರೆ. ಪತ್ರ ಕೈಗೆ ಬಂದರೆ ನೀನು ಕೊನೆಯ ಸಾಲಿಗೆ ಹಾರಿ, ಯಾರಿಗೂ ಏನೂ ಆಗಿಲ್ಲವೆಂದು ನೋಡಿಕೊಂಡು, ಆಮೇಲೆ ಮೇಲಿಂದ ಓದುವವಳು. ಈ ಸಲ ಆ ತೊಂದರೆ ಬೇಡವೆಂದು ಮೊದಲ ಸಾಲಿನಲ್ಲೇ ಹಾಕಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ನೀನು ಬಿಟ್ಟರೆ ತಾನೆ ಅಮ್ಮ! ಅಕ್ಕನ ಮಗು ಎಷ್ಟು ಸಲ ಸೀನಿತು, ಭಾವ ಮಗುವನ್ನು ಮುಟ್ಟಲು ಹೆದರಿ ದಿಂಬಿನ ಸಮೇತ ಎತ್ತಿಕೊಂಡದ್ದು, ಅಕ್ಕ ಅದಕ್ಕೆ ಬೈದದ್ದು, ಇಷ್ಟು ಹೇಳಿ ಮುಗಿಸುವಷ್ಟರಲ್ಲಿ “ಅಯ್ಯೋ ಮಗು ಎದ್ದಿತು, ಇಡ್ತೀನಿ ಕಣೇ” ಎಂದು ಇಟ್ಟೇಬಿಡುತ್ತೀಯ. ನನಗಂತೂ ಫೋನಿನಲ್ಲಿ “ಹೂಂ” ಬಿಟ್ಟರೆ ಬೇರೆ ಮಾತೇ ಹೊರಡುವುದಿಲ್ಲ. ಕಾಗದ ಸಿಕ್ಕರೆ ಮಾತ್ರ ನನ್ನ ನಾಲಿಗೆ ಉದ್ದವಾಗುತ್ತದೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ಇಷ್ಟು ಬರೆದಳೇ ಎಂದು ಭಾವ ನಕ್ಕರೆ ನಗಲಿ. ಬಣ್ಣ ನೆಲಕ್ಕೆ ಬೀಳದಿರಲೆಂದು ಕಂಡವರ ಮನೆಗಳಲ್ಲಿ ಹಾಸುತ್ತೇವಲ್ಲ ಹಳೇ ಪೇಪರು, ಅದನ್ನೇ ಮಂಡಿಯೂರಿ ಓದಿ ಓದಿ ಕಲಿತದ್ದು ಇದು.

ವಿಷಯಕ್ಕೆ ಬರುತ್ತೇನೆ. ನೀನು ಅಕ್ಕನ ಹೆರಿಗೆಗೆಂದು ಹೋಗುವ ಮೊದಲಿನಿಂದಲೂ ಅಪ್ಪನಿಗೆ ನೆಗಡಿ, ಬಿಟ್ಟೂ ಬಿಡದ ನೆಗಡಿ ಎಂದುಕೊಂಡಿದ್ದೆವಲ್ಲ, ಅದು ನೆಗಡಿಯೇ ಅಲ್ಲವಂತೆ. ಅಪ್ಪನಿಗೆ ತಲೆಸುತ್ತು ಬರುತ್ತಿತ್ತು. ಏಣಿಯ ಮೇಲೆ ನಿಂತಾಗ.

ಗಾಬರಿಯಾಗಬೇಡ. ಮೊದಲ ಸಾಲನ್ನು ಇನ್ನೊಂದು ಸಲ ಓದಿ ಮುಂದಕ್ಕೆ ಬಾ.

ಅಪ್ಪ ಯಾಕೆ ತಲೆಸುತ್ತು ಎನ್ನಲಿಲ್ಲ ಎಂದು ನೀನು ಕೇಳುವುದಿಲ್ಲ, ಕೇಳುವ ಮೊದಲೇ ನಿನಗೆ ಹೊಳೆದಿರುತ್ತದೆ. ಅವರ ಮಾತು ಕೆಲವು ಅಕ್ಷರಗಳ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ತ, ಕ, ಬ, ಸ ಬಂದರೆ ಒಳಗಿನಿಂದ ಅಗುಳಿ ಹಾಕಿದ ಹಾಗೆ. ನ, ಮ, ಹ ಆದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತವೆ. ಅದಕ್ಕೇ ಅಪ್ಪ ತಮಗೆ ಬೇಕಾದದ್ದನ್ನು ಹೇಳುವುದಿಲ್ಲ, ಬಾಯಿಗೆ ಬರುವಂಥದ್ದನ್ನು ಹೇಳುತ್ತಾರೆ. ಹೋಟೆಲಿನಲ್ಲಿ ಕಾಫಿ ಕುಡಿಯಬೇಕೆಂದು ಹೋಗಿ ಹಾಲು ಕುಡಿದು ಬರುತ್ತಾರೆ. ಬಸ್ಸಿನಲ್ಲಿ ನಮ್ಮ ಸ್ಟಾಪಿನ ಹೆಸರು ಹೇಳಲಾಗದೆ ಹಿಂದಿನ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡು ಅಲ್ಲಿಂದ ನಡೆದು ಬರುತ್ತಾರೆ. ಅಕ್ಕಪಕ್ಕದವರು ಕೇಳಿದರೆ ನೀನು “ನಮ್ಮನೆಯವರಿಗೆ ನಡೆಯೋದು ಅಂದ್ರೆ ಪ್ರಾಣ” ಎಂದು ಜಂಬದಿಂದ ಹೇಳುತ್ತಿದ್ದೆ. ಚಿಕ್ಕವಳಿದ್ದಾಗ ನಾನು ಅದನ್ನು ನಿಜವೆಂದೇ ನಂಬಿದ್ದೆ.

ಅಪ್ಪ ತೋರಿಸಿಕೊಳ್ಳಲು ಹೋಗುತ್ತಿದ್ದ ಕ್ಲಿನಿಕ್ಕಿನ ಕಿಂಡಿ ನೆನಪಿದೆಯಲ್ಲ. ಕಿಂಡಿಯ ಹಿಂದೆ ಕೂರುತ್ತಿದ್ದ ಹೆಂಗಸಿಗೆ ನೀನು ನೆಕ್ಸ್ಟಮ್ಮ ಎಂದು ಹೆಸರಿಟ್ಟಿದ್ದೆ. “ಏನ್ ತೊಂದ್ರೆ? ಜೋರಾಗ್ ಹೇಳಿ, ಕೇಳಿಸ್ತಿಲ್ಲ. ನೆಕ್ಸ್ಟ್!” ಎಂದು ಅವರು ಕೂಗಿದರೆ, ಯಾರಿಗೆ ಮೂಲವ್ಯಾಧಿ, ಯಾರಿಗೆ ಎಲ್ಲಿ ತುರಿಕೆ ಎಂದು ಬೆಂಚಿನ ಮೇಲೆ ಕೂತವರಿಗೆಲ್ಲ ಪುಕ್ಕಟೆ ಸಮಾಚಾರ. ಅಪ್ಪ ಕಿಂಡಿಗೆ ಬಗ್ಗಿ “ತ... ತ...” ಎನ್ನುತ್ತಿದ್ದರು. ಹಿಂದೆ ನಿಂತವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಪ್ಪನ ಕತ್ತಿನ ನರ ಉಬ್ಬಿ, ಕೊನೆಗೆ ಬಾಯಿಂದ ಬೀಳುತ್ತಿದ್ದದ್ದು “ನೆಗಡಿ”. ಒಳಗೆ ಹೋದರೆ ಡಾಕ್ಟರಮ್ಮನ ಮುಂದೆ ನೆಗಡಿ ಎಂದು ಬರೆದ ಚೀಟಿ. ಹೊರಗಿನ ಸಾಲು ನೋಡಿ ಅವರಿಗೂ ಅವಸರ. ನಿದ್ದೆ ಬರಿಸುವ ಆ ಬಿಳಿ ಮಾತ್ರೆ ಕೊಟ್ಟು ಕಳಿಸುತ್ತಿದ್ದರು.

ನೀನು ಜೊತೆಗೆ ಹೋದ ದಿನವೂ ಹೀಗೇ ಆಯಿತಂತೆ. ಅಪ್ಪ ನಿನ್ನ ಕಡೆ ತಿರುಗಿ “ತ... ತ...” ಎಂದರಂತೆ. “ತಣ್ಣೀರು ತಾನೆ? ನಾನ್ ಬಡ್ಕೋತಾನೇ ಇದ್ದೀನಿ, ತಣ್ಣೀರಲ್ಲಿ ತಲೆ ತೊಳೀಬೇಡಿ ಅಂತ. ಅದಕ್ಕೇ ಮೇಡಂ ನೆಗಡಿ” ಎಂದು ನೀನೇ ಮುಗಿಸಿದೆಯಂತೆ. ಇದನ್ನು ಅಪ್ಪ ನಿನ್ನೆ ನನಗೆ ಹೇಳಿ ನಕ್ಕರು. ನಿನ್ನನ್ನು ದೂರಲಿಕ್ಕೆ ಹೇಳಿದ್ದಲ್ಲ. “ನಿಮ್ಮಮ್ಮ ಮಾತಾಡಿದ್ರೆ ನನಗೆ ನೆಮ್ಮದಿ” ಎಂದೂ ಸೇರಿಸಿದರು. ಅವರು ಸಿಕ್ಕಿಬಿದ್ದ ಕಡೆಯೆಲ್ಲ ನೀನು ಹೋಗಿ ಕೈಹಿಡಿದು ಈಚೆಗೆ ಎಳೆದವಳು. ಈ ಸಲ ಮಾತ್ರ ಎಳೆದ ದಿಕ್ಕು ಬೇರೆಯಾಯಿತು, ಅಷ್ಟೆ.

ನೀನು ಹೋದ ಮೇಲೆ ಅಪ್ಪ ಬದಲಾದರು. ನಾನು ಏಣಿ ಹಿಡಿಯಲು ಹೋದರೆ ಬೇಡವೆಂದು ಕೈಯಾಡಿಸುವುದು, ಪಕ್ಕದ ಕೋಣೆಯಲ್ಲಿ ಗೋಡೆ ಉಜ್ಜು ಎಂದು ಉಪ್ಪು ಕಾಗದ ಕೊಟ್ಟು ಕಳಿಸುವುದು. ಉಜ್ಜಿ ಮುಗಿಸಿ ಬಂದರೆ ಮತ್ತೊಂದು ಕೋಣೆ. ಶಾಲೆ ಬಿಟ್ಟಾಗಿನಿಂದ ನಾನು ಹಿಡಿದ ಏಣಿ ಅದು ಅಮ್ಮ. ಅಪ್ಪ ಮೇಲಿನ ಮೆಟ್ಟಿಲಲ್ಲಿ ಎಡಕ್ಕೆ ವಾಲಿದರೆ ಕೆಳಗೆ ನನ್ನ ಕೈ ತಾನಾಗಿ ಬಲಕ್ಕೆ ಬಿಗಿಯುತ್ತದೆ. ಇದ್ದಕ್ಕಿದ್ದಂತೆ ನನ್ನ ಕೈ ಅವರಿಗೆ ಯಾಕೆ ಬೇಡವಾಯಿತೋ ತಿಳಿಯಲಿಲ್ಲ. ನನ್ನ ಕೆಲಸ ಅವರಿಗೆ ಸರಿಬರುತ್ತಿಲ್ಲ, ಹೇಳಲಾರದೆ ದೂರ ಇಡುತ್ತಿದ್ದಾರೆ ಎಂದುಕೊಂಡೆ. ಕೇಳಲು ನನಗೆ ಬಾಯಿಲ್ಲ, ಹೇಳಲು ಅವರಿಗೆ ಬಾಯಿಲ್ಲ. ಒಂದೇ ಡಬ್ಬಿಯಿಂದ ಬಣ್ಣ ತೆಗೆದುಕೊಳ್ಳುತ್ತ, ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿದೆವು.

ಹೋದ ವಾರ ಎತ್ತರದ ಸೀಲಿಂಗ್ ಇದ್ದ ಒಂದು ಮನೆಯಲ್ಲಿ ಕೆಲಸ. ನಾನು ಪಕ್ಕದ ಕೋಣೆಯಲ್ಲಿದ್ದೆ. ಧಪ್ಪೆಂದು ಸದ್ದಾಯಿತು. ಓಡಿ ಬಂದು ನೋಡಿದರೆ ರೋಲರ್ ನೆಲದ ಮೇಲೆ ಬಿದ್ದು ಬಿಳಿ ಬಣ್ಣ ಗೋಡೆವರೆಗೂ ಚಿಮ್ಮಿತ್ತು. ಅಪ್ಪ ಏಣಿಯ ಮೇಲೆ, ಎರಡೂ ಕೈಯಲ್ಲಿ ಏಣಿಯನ್ನು ತಬ್ಬಿಕೊಂಡು, ಮೆಟ್ಟಿಲಿಗೆ ಹಣೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ಮನೆಯ ಯಜಮಾನಿ ಬಂದು “ಏನಪ್ಪಾ, ಏಣಿ ಮೇಲೇ ನಿದ್ದೆನಾ? ದಿಂಬು ತರ್ಲಾ?” ಎಂದರು. ಅಪ್ಪ ಕಣ್ಣು ತೆರೆಯದೆ ಅದನ್ನೇ ಹೇಳಿದರು. “ನೆಗಡಿ.”

ನೆಗಡಿಯಾದವರು ಏಣಿಯನ್ನು ಹಾಗೆ ತಬ್ಬಿಕೊಳ್ಳುವುದಿಲ್ಲ ಅಮ್ಮ. ಅಷ್ಟು ನನಗೂ ಗೊತ್ತು.

ಇವತ್ತಲ್ಲ ನಾಳೆ ಅಪ್ಪ ಬೀಳುತ್ತಾರೆ ಎಂದು ನನಗೆ ಭಯವಾಯಿತು. ಮರುದಿನ ಬೆಳಿಗ್ಗೆಯೇ ಕ್ಲಿನಿಕ್ಕಿಗೆ ಹೊರಡಿಸಿದೆ. ಚೀಟಿ ಬರೆದುಕೊಂಡು ಹೋಗೋಣವೇ ಎಂದು ಕೇಳಲು ಧೈರ್ಯ ಬರಲಿಲ್ಲ. ಹಿಂದೆ ನೀನೊಮ್ಮೆ ಹಾಗೆಂದಾಗ “ನಾನೇನ್ ಮೂಗನಾ?” ಎಂದು ಅಪ್ಪ ಊಟ ಬಿಟ್ಟು ಎದ್ದಿದ್ದರಲ್ಲ. ನಾನೇ ಕಿಂಡಿಯಲ್ಲಿ ಹೇಳಬೇಕು ಎಂದುಕೊಂಡೆ. “ನಮ್ಮಪ್ಪನಿಗೆ ನೆಗಡಿಯಲ್ಲ, ಬೇರೆ ಏನೋ ಆಗಿದೆ, ಸರಿಯಾಗಿ ನೋಡಿ.” ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ಪಾಠವೆಲ್ಲ ಹಾರಿಹೋಯಿತು.

ಒಳಗೆ ಹೋದರೆ ಕಿಂಡಿಯೇ ಇಲ್ಲ! ಗೋಡೆ ಒಡೆದು ಅಲ್ಲೊಂದು ಮೇಜು ಹಾಕಿದ್ದಾರೆ. ಕೂಗಾಟವೂ ಇಲ್ಲ. ಹಾಲಿನಲ್ಲಿ ಕೂತವರೆಲ್ಲ ತಲೆ ತಗ್ಗಿಸಿ ತೊಡೆಯ ಮೇಲೆ ಏನನ್ನೋ ಇಟ್ಟುಕೊಂಡಿದ್ದರು. ಅದು ಟ್ಯಾಬ್ ಅಂತೆ. ಮೊಬೈಲಿನ ಅಣ್ಣ ಎಂದುಕೋ, ನಮ್ಮ ಕಾಲದ ಸ್ಲೇಟಿನಷ್ಟು ಅಗಲ. ಏನು ತೊಂದರೆ, ಯಾವಾಗಿನಿಂದ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ, ಪಕ್ಕದಲ್ಲಿ ಚಿತ್ರವೂ ಇರುತ್ತದೆ. ನಮಗೆ ಆದದ್ದನ್ನು ಬೆರಳಲ್ಲಿ ಮುಟ್ಟಬೇಕು. ಓದಲು ಬಾರದವರಿಗೆ ಕಿವಿಗೆ ಸಿಕ್ಕಿಸಿಕೊಳ್ಳಲು ಹೆಡ್‌ಫೋನ್ ಕೊಟ್ಟಿರುತ್ತಾರೆ, ಅದೇ ಓದಿ ಹೇಳುತ್ತದೆ. ಒಬ್ಬ ಅಜ್ಜ ಅದಕ್ಕೇ ಉತ್ತರ ಕೊಡುತ್ತಿದ್ದರು, “ನನ್ ವಯಸ್ಸು ಕೇಳ್ತಿದೀಯಲ್ಲ, ನಿನ್ ವಯಸ್ಸೆಷ್ಟು ಹೇಳು ಮೊದ್ಲು!”

ಮೇಜಿನ ಹಿಂದೆ ಇದ್ದದ್ದು ಅದೇ ನೆಕ್ಸ್ಟಮ್ಮ. ನಮಗೂ ಒಂದು ಕೊಟ್ಟರು. ಅಪ್ಪ ಬೆರಳನ್ನು ಅಂಗಿಗೆ ಒರೆಸಿಕೊಂಡು ಮುಟ್ಟಿದರು. ಅದು ಅಲುಗಲಿಲ್ಲ. ಒತ್ತಿದರು, ಕುಟ್ಟಿದರು. ಬಣ್ಣ ಕೂತು ಒರಟಾದ ಅವರ ಬೆರಳಿಗೆ ಆ ಗಾಜು ಜಪ್ಪಯ್ಯ ಎಂದರೂ ಒಗ್ಗಲಿಲ್ಲ. ನೆಕ್ಸ್ಟಮ್ಮ ಎದ್ದು ಬಂದು, ಒದ್ದೆ ಬಟ್ಟೆಯಿಂದ ಅಪ್ಪನ ಬೆರಳ ತುದಿಯನ್ನು ಮಗುವಿನ ಕೈ ಒರೆಸಿದ ಹಾಗೆ ಒರೆಸಿ, “ಈಗ ನೋಡಿ” ಎಂದರು. ಆಗ ಒಗ್ಗಿತು.

ಅದರಲ್ಲಿ ತಲೆಸುತ್ತಿನ ಚಿತ್ರ ಇತ್ತು ಅಮ್ಮ. ತಲೆಯ ಸುತ್ತ ಗಿರಗಿರ ಗೆರೆ ಎಳೆದ ಮನುಷ್ಯ. ಅಪ್ಪನ ಬೆರಳು ಅದರ ಹತ್ತಿರ ಹೋದದ್ದನ್ನು ನಾನು ನೋಡಿದೆ. ಆಮೇಲೆ ಆ ಬೆರಳು, ಕಟ್ಟು ಬಿಚ್ಚಿದರೂ ಹಳೇ ಗಾಣದ ಸುತ್ತಲೇ ತಿರುಗುವ ಎತ್ತಿನ ಹಾಗೆ, ಸೀದಾ ಹೋಗಿ ನೆಗಡಿಯ ಮೇಲೆ ಕೂತಿತು. ಹೇಳಬೇಕಾಗಿಯೇ ಇರಲಿಲ್ಲ, ಬರೀ ಮುಟ್ಟಬೇಕಾಗಿತ್ತು. ಆದರೂ ನೆಗಡಿ! ಆಯಿತು ಇನ್ನು, ಮತ್ತೆ ಅದೇ ಬಿಳಿ ಮಾತ್ರೆ, ಮತ್ತೆ ಅದೇ ಏಣಿ ಎಂದುಕೊಂಡೆ.

ಆದರೆ ಆ ಟ್ಯಾಬ್ ಅಷ್ಟಕ್ಕೆ ಬಿಡಲಿಲ್ಲ. ಮೂಗು ಸೋರುತ್ತದೆಯೇ? ಅಪ್ಪ ಸುಳ್ಳು ಹೇಳುವವರಲ್ಲವಲ್ಲ. ಇಲ್ಲ ಎಂದು ಒತ್ತಿದರು. ಸೀನು? ಇಲ್ಲ. ಕೆಮ್ಮು? ಇಲ್ಲ. ಜ್ವರ? ಅದೂ ಇಲ್ಲ. ಮುಗಿಸಿ ಮೇಜಿನ ಮೇಲಿಟ್ಟು ಬಂದು ಕೂತರು.

ನೆಕ್ಸ್ಟಮ್ಮ ಅದನ್ನು ನೋಡಿ, ಹುಬ್ಬು ಗಂಟಿಕ್ಕಿ, ಎದ್ದು ನಮ್ಮ ಹತ್ತಿರವೇ ಬಂದರು. ಕೂಗುತ್ತಾರೆ ಎಂದು ನಾನು ಕುಗ್ಗಿದೆ. ಅವರು ಬಗ್ಗಿ, ನಮಗಷ್ಟೇ ಕೇಳುವ ಹಾಗೆ, “ಏನ್ ಯಜಮಾನ್ರೇ, ಮೂಗು ಸೋರಲ್ಲ, ಸೀನಿಲ್ಲ, ಕೆಮ್ಮಿಲ್ಲ. ಮತ್ತೆ ನೆಗಡಿ ಎಲ್ಲಿದೆ, ಜೇಬಲ್ಲಿ ಇಟ್ಕೊಂಡಿದ್ದೀರಾ?” ಎಂದರು.

ಅಪ್ಪನ ಕಿವಿ ಕೆಂಪಾಯಿತು. ಆಮೇಲೆ ನಗು ಬಂತು.

“ನೋಡಿ, ಇದಕ್ಕೇನೂ ಅವಸರ ಇಲ್ಲ. ಇದು ನನ್ ಥರ ಅಲ್ಲ” ಎಂದು ಅವರು ಟ್ಯಾಬಿನಲ್ಲಿ ಏನೂ ಬರೆಯದ ಬಿಳಿ ಹಾಳೆಯಂಥದ್ದನ್ನು ತೆರೆದು ಕೊಟ್ಟರು. “ಬೆರಳಲ್ಲೇ ಬರೀರಿ. ಒಂದ್ ಮಾತೋ ಹತ್ ಮಾತೋ, ನಿಮ್ಮಿಷ್ಟ. ಡಾಕ್ಟರು ನೀವು ಒಳಗೆ ಬರೋಕ್ ಮುಂಚೆ ಓದ್ತಾರೆ.” ಹೋಗುವಾಗ ಅಪ್ಪನ ಕುರ್ಚಿಯನ್ನು ಕಿಟಕಿಯ ಕಡೆ ಸ್ವಲ್ಪ ತಿರುಗಿಸಿ ಹೋದರು.

ಅಪ್ಪ ಸುತ್ತ ನೋಡಿದರು. ಎಲ್ಲರೂ ಬಾಯಿ ಮುಚ್ಚಿಕೊಂಡು ಬರೆಯುತ್ತಿದ್ದರು, ಮುಟ್ಟುತ್ತಿದ್ದರು. ಮಾತು ಚೆನ್ನಾಗಿ ಬರುವವರೂ ಮಾತಾಡುತ್ತಿರಲಿಲ್ಲ. ನನ್ನ ಅಪ್ಪ ಹತ್ತು ಜನರ ನಡುವೆ ಹತ್ತು ಜನರ ಹಾಗೇ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೀಟಿ ಎಂದರೆ ಸಿಡಿದೇಳುವವರು ಬಗ್ಗಿ ಬರೆಯತೊಡಗಿದರು. ಗೋಡೆಯ ಅಂಚಿಗೆ ಗೆರೆ ಎಳೆಯುವಾಗ ತುಟಿ ಕಚ್ಚುತ್ತಾರಲ್ಲ, ಹಾಗೆ ಕಚ್ಚಿಕೊಂಡು. ನಾನು ನೋಡಬಾರದೆಂದು ಮುಖ ತಿರುಗಿಸಿ ಕೂತೆ. ನಡುವೆ ಒಮ್ಮೆ ಅದು ತಾನಾಗಿ ಕಪ್ಪಗಾಗಿಬಿಟ್ಟಿತು. ಬರೆದದ್ದೆಲ್ಲ ಹೋಯಿತೆಂದು ಅಪ್ಪನ ಮುಖವೂ ಕಪ್ಪಗಾಯಿತು. ನೆಕ್ಸ್ಟಮ್ಮ ದೂರದಿಂದಲೇ ಕಂಡು, ಬಂದು ಅದರ ಅಂಚಿನಲ್ಲಿ ಒತ್ತಿದರು. ಎಲ್ಲ ಅಕ್ಷರಗಳೂ ಬಿಟ್ಟಲ್ಲೇ ಇದ್ದವು.

ಒಳಗೆ ಹೋದಾಗ ಡಾಕ್ಟರಮ್ಮ ಓದಿ ಮುಗಿಸಿ ಕಾಯುತ್ತಿದ್ದರು. “ಕೂತ್ಕೊಳ್ಳಿ” ಎಂದು ನನ್ನನ್ನು ನೋಡಿ, “ಇವಳೇನಾ ಏಣಿ ಹಿಡಿಯೋ ಮಗಳು? ಇವಳ ಮುಂದೆ ಓದಬಹುದಾ?” ಎಂದು ಅಪ್ಪನನ್ನು ಕೇಳಿದರು. ಅಪ್ಪ ನೆಲ ನೋಡುತ್ತ ತಲೆಯಾಡಿಸಿದರು. ಅವರು ಓದಿದರು. ಒಂದಕ್ಷರ ಬಿಡದೆ ನನಗೆ ನೆನಪಿದೆ.

“ಮೇಲೆ ನೋಡಿದರೆ ಮನೆಯೇ ತಿರುಗುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ತಿರುಗುತ್ತದೆ. ಏಣಿಯ ಕೆಳಗೆ ನನ್ನ ಮಗಳು ನಿಂತಿರುತ್ತಾಳೆ. ನಾನು ಬಿದ್ದರೆ ಅವಳ ಮೇಲೆ ಬೀಳುತ್ತೇನೆ. ಆ ಭಯಕ್ಕೆ ಅವಳನ್ನು ಬೇರೆ ಕೋಣೆಗೆ ಕಳಿಸುತ್ತೇನೆ. ಅವಳಿಗೆ ಬೇಜಾರಾಗಿದೆ. ನಾನು ಕೆಲಸ ಬಿಡಬೇಕೇ, ಹೇಳಿ.”

ನಾನು ಅಲ್ಲಿ ಅಳಲಿಲ್ಲ ಅಮ್ಮ. ಕೈಯಲ್ಲಿದ್ದ ಅಪ್ಪನ ಟೋಪಿಯನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

“ಎಷ್ಟು ಹೊತ್ತು ಇರುತ್ತೆ ಈ ಸುತ್ತು?” ಎಂದು ಡಾಕ್ಟರಮ್ಮ ಕೇಳಿದರು. ಅಪ್ಪ ಬಾಯಿ ತೆರೆದರು. ನನ್ನ ಬಾಯಿಯೂ ತೆರೆಯಿತು, ಮುಗಿಸಿಕೊಡೋಣವೆಂದು. ನಿನ್ನ ಮಗಳಲ್ಲವೇ! ಡಾಕ್ಟರಮ್ಮ ನನ್ನ ಕಡೆ ನೋಡಲೇ ಇಲ್ಲ. ಅಪ್ಪನನ್ನೇ ನೋಡುತ್ತ, ಕೈ ಮಡಿಲಲ್ಲಿಟ್ಟು ಕೂತರು. ನಾನು ಬಾಯಿ ಮುಚ್ಚಿದೆ. “ಸ... ಸ್ವ... ಸ್ವಲ್ಪ ಹೊತ್ತು” ಎಂದರು ಅಪ್ಪ. “ತ... ತಲೆ ಅಲ್ಲಾಡ್ಸದೆ ನಿಂತ್ರೆ ಹೋಗುತ್ತೆ.” ಹೇಳಲೇಬೇಕಾದದ್ದು ಆಗಲೇ ಬರಹದಲ್ಲಿ ತಲುಪಿಯಾಗಿತ್ತಲ್ಲ. ಅದಕ್ಕೋ ಏನೋ, ಅಗುಳಿ ತಾನಾಗಿ ಸರಿಯಿತು.

ರಕ್ತದೊತ್ತಡ ನೋಡಿದರು, ಎದೆ ನೋಡಿದರು, ಗೆರೆಯ ಮೇಲೆ ನಡೆಸಿದರು, ಕಣ್ಣು ಮುಚ್ಚಿ ಮೂಗು ಮುಟ್ಟಿಸಿದರು. ಆಮೇಲೆ ಮಂಚದ ಮೇಲೆ ಕೂರಿಸಿ, ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಪಕ್ಕಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ಅಪ್ಪ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಅವರ ಕಣ್ಣುಗುಡ್ಡೆಗಳು ತಾವೇ ಕುಣಿಯುತ್ತಿದ್ದವು. ನನಗೆ ಜೀವವೇ ಬಾಯಿಗೆ ಬಂತು. ಡಾಕ್ಟರಮ್ಮ ಮಾತ್ರ ಕಳೆದುಹೋದ ಬೀಗದಕೈ ಸಿಕ್ಕವರ ಹಾಗೆ “ಹಾಂ, ಇದೇ!” ಎಂದು ಹಿಗ್ಗಿದರು.

ಕಿವಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಇರುತ್ತವಂತೆ. ಅವು ಜಾಗ ಬಿಟ್ಟು ಜಾರಿದರೆ ಹೀಗೆ ಲೋಕವೇ ತಿರುಗುತ್ತದಂತೆ. “ಮೆದುಳಿಗೆ ಏನೂ ಆಗಿಲ್ಲ, ಎದೆಗೂ ಏನಿಲ್ಲ. ಅವನ್ನ ಹಿಂದಕ್ಕೆ ಉರುಳಿಸಿದ್ರೆ ಸರಿಹೋಗುತ್ತೆ” ಎಂದರು. ತಲೆಯನ್ನು ಒಂದು ಕಡೆ ಹಿಡಿದು ಕಾದು, ಇನ್ನೊಂದು ಕಡೆ ತಿರುಗಿಸಿ ಕಾದು, ಮಗ್ಗುಲಾಗಿಸಿ ಕಾದು, ಮೆಲ್ಲಗೆ ಎಬ್ಬಿಸಿ ಕೂರಿಸಿದರು. ಚುಚ್ಚುಮದ್ದಿಲ್ಲ, ಕತ್ತರಿಯಿಲ್ಲ. ಬೋರಲು ಬಿದ್ದ ಡಬ್ಬಿಯನ್ನು ನೆಟ್ಟಗೆ ಮಾಡಿದಷ್ಟೇ ಕೆಲಸ.

ಸ್ವಲ್ಪ ಹೊತ್ತು ಬಿಟ್ಟು “ಈಗ ಮೇಲೆ ನೋಡಿ” ಎಂದರು. ಅಪ್ಪ ಹೆದರುತ್ತ ಹೆದರುತ್ತ ಕತ್ತೆತ್ತಿದರು. ಅವರು ಸೀಲಿಂಗನ್ನೇ ನೋಡಿದರು, ನೋಡಿದರು, ಈ ಮೂಲೆಯಿಂದ ಆ ಮೂಲೆವರೆಗೂ ನೋಡಿದರು. ಆಮೇಲೆ, ಒಂಚೂರೂ ತಡವರಿಸದೆ ಅಂದರು, “ಮೇಲೆ ಎರಡನೇ ಕೋಟ್ ಹೊಡ್ದಿಲ್ಲ ಇವ್ರು.”

ಡಾಕ್ಟರಮ್ಮ ನಕ್ಕ ಸದ್ದಿಗೆ ನೆಕ್ಸ್ಟಮ್ಮ ಬಾಗಿಲಲ್ಲಿ ಇಣುಕಿದರು. ಆಗ ನನಗೆ ಅಳು ಬಂತು, ನೋಡು. ನಗಬೇಕಾದ ಜಾಗದಲ್ಲಿ.

ಬಿಳಿ ಮಾತ್ರೆ ಬಿಡಿಸಿದ್ದಾರೆ. ಕೆಲವು ದಿನ ಏಣಿ ಹತ್ತಬೇಡಿ, ಆಮೇಲೆ ಬಂದು ತೋರಿಸಿ, ನೋಡಿ ಹೇಳುತ್ತೇನೆ ಎಂದಿದ್ದಾರೆ. ಇದು ಮತ್ತೆ ಬಂದರೂ ಬರಬಹುದಂತೆ, ಬಂದರೆ ಮತ್ತೆ ಹೀಗೇ ತಿರುಗಿಸಿದರಾಯಿತಂತೆ. ಸದ್ಯಕ್ಕೆ ಅಪ್ಪ ಕೆಳಗಿನ ಗೋಡೆ ನೋಡಿಕೊಳ್ಳುತ್ತಾರೆ, ಮೇಲಿನದನ್ನು ನಾನು. ನಿನ್ನೆಯಿಂದ ಏಣಿ ಹಿಡಿಯುವ ಕೆಲಸ ಅವರದು. ಏಣಿ ಹಿಡಿಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲವಂತೆ, ಕೆಳಗೆ ನಿಂತವರಿಗೇ ಹೆಚ್ಚು ಭಯವಂತೆ. ಇವತ್ತು ಬೆಳಿಗ್ಗೆ ಅವರು ಮಗ್ಗುಲು ಬದಲಿಸಿ, ಏನೂ ತಿರುಗದೆ, ಮತ್ತೆ ನಿದ್ದೆ ಹೋದರು. ನಾನು ಬಾಗಿಲಲ್ಲಿ ನಿಂತು ಅದನ್ನು ನೋಡಿದೆ. ಇಷ್ಟು ದಿನ ಎದೆಯ ಮೇಲೆ ಯಾರೋ ಕೂತಿದ್ದವರು ಎದ್ದು ಹೋದಂತಾಯಿತು.

ಈಗ ಈ ಪತ್ರ ಬರೆದ ಕಾರಣ ಹೇಳುತ್ತೇನೆ. ನಾನು ನಿನಗೆ ಬರೆಯಲೇ ಎಂದು ಕೇಳಿದಾಗ ಅಪ್ಪ “ನೀನು ಎಲ್ಲಾ ಬರಿ. ಒಂದ್ ಮಾತ್ ಮಾತ್ರ ಬಿಡು. ಅದನ್ನ ನಿಮ್ಮಮ್ಮನಿಗೆ ನಾನೇ ಹೇಳ್ಬೇಕು, ಫೋನಲ್ಲಿ” ಎಂದರು. ಇಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾನು ನಡುವೆ ಒಂದು ಅಕ್ಷರವನ್ನೂ ಕೊಡಲಿಲ್ಲ. ಅದು ಯಾವ ಮಾತು ಎಂದೂ ಕೇಳಲಿಲ್ಲ.

ಅಪ್ಪ ತಾವಾಗಿ ಯಾರಿಗಾದರೂ ಫೋನ್ ಮಾಡಿದ್ದು ನಾನು ಹುಟ್ಟಿದ ಮೇಲೆ ನೋಡಿಲ್ಲ. ಭಾನುವಾರ ಮಧ್ಯಾಹ್ನ, ಮಗು ಮಲಗಿದ ಹೊತ್ತಿಗೆ ಮಾಡುತ್ತಾರೆ. ನಾನು ಪಕ್ಕದಲ್ಲಿ ಇರುವುದಿಲ್ಲ, ಬೇಕೆಂದೇ ಅಂಗಡಿಗೆ ಹೋಗುತ್ತೇನೆ. ನೀನು ಫೋನ್ ಎತ್ತಿದಾಗ ಸದ್ದೇ ಇರುವುದಿಲ್ಲ ಅಮ್ಮ. ಲೈನ್ ಸರಿಯಿಲ್ಲವೆಂದು ಇಟ್ಟುಬಿಡಬೇಡ. “ಯಾರು, ಯಾರು” ಎನ್ನಬೇಡ. ಕಿವಿಗೆ ಇಟ್ಟುಕೊಂಡು ಸುಮ್ಮನೆ ಕೂತಿರು. ಆ ಸದ್ದಿಲ್ಲದ್ದು ಅಪ್ಪನೇ.

ನಿನ್ನ ಮಡಿಲು ಯಾವಾಗಲೂ ತುಂಬಿರಲಿ. ಅಕ್ಕ ಬೇಗ ಮೊದಲಿನಂತಾಗಲಿ, ಕಂದನಿಗೆ ಯಾರ ಕಣ್ಣೂ ತಾಗದಿರಲಿ, ಭಾವನಿಗೆ ದಿಂಬಿಲ್ಲದೆ ಎತ್ತಿಕೊಳ್ಳುವ ಧೈರ್ಯ ಬರಲಿ.

ನಿನ್ನ ದಾರಿ ಕಾಯುವ,
ಇಲಿಮರಿ